ಸಂಕಷ್ಟ ಮತ್ತು ದೈವಭರವಸೆ: ಕ್ರೈಸ್ತ ಪರಂಪರೆಯಲ್ಲಿ

ದೇವರು ಇದ್ದಾನೆಂದು ಒಪ್ಪುವುದು ಒಂದು, ಅವನ ಮೇಲೆ ಭಾರ ಹಾಕಿ ನಿಲ್ಲುವುದು ಇನ್ನೊಂದು. ಕ್ರೈಸ್ತರು ಭರವಸೆ ಎನ್ನುವುದು ಎರಡನೆಯದನ್ನು. ಕಾಯಿಲೆ, ಸಾವು, ಕ್ಷಾಮ, ಸೆರೆ, ಬಡತನ, ಹಿಂಸೆ ಎದುರಾದಾಗ ಹೀಗೆ ಭಾರ ಹಾಕಿದವನ ಗತಿ ಏನು ಎಂಬ ಪ್ರಶ್ನೆ ಬೈಬಲಿನ ಹಳೆಯ ಪುಟಗಳಲ್ಲಿ ಹುಟ್ಟಿ, ಎರಡು ಸಾವಿರ ವರ್ಷಗಳ ಚರ್ಚಿನ ಬದುಕಿನಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. ತುಟಿ ಬಿಚ್ಚದೆ ಸಹಿಸುವುದೇ ಕ್ರೈಸ್ತ ಭರವಸೆ ಎಂಬ ತಿಳುವಳಿಕೆ ಸಭೆಯ ಒಳಗೂ ಹೊರಗೂ ಸಾಕಷ್ಟು ಹರಡಿದೆ. ಮೂಲ ಗ್ರಂಥಗಳು ಹೇಳುವ ಕತೆ ಬೇರೆ. ಅಲ್ಲಿ ಎಲ್ಲರಿಗಿಂತ ಗಾಢವಾಗಿ ನಂಬಿದವರೇ ಎಲ್ಲರಿಗಿಂತ ಗಟ್ಟಿಯಾಗಿ ದೇವರನ್ನು ಕೇಳಿದ್ದಾರೆ, ಅವನೊಡನೆ ವಾದಿಸಿದ್ದಾರೆ, ಅವನೆದುರು ಅತ್ತಿದ್ದಾರೆ.

ಪದಗಳು

ಕನ್ನಡ ಕ್ರೈಸ್ತರಲ್ಲಿ ಈ ಭಾವಕ್ಕೆ ಹಲವು ಮಾತುಗಳಿವೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ‘ನಂಬಿಕೆ’ ಹೆಚ್ಚು ಕೇಳಿಬಂದರೆ ಕಥೋಲಿಕರಲ್ಲಿ ‘ವಿಶ್ವಾಸ’ ರೂಢಿ. ಬರಲಿರುವ ಒಳಿತಿಗಾಗಿ ಕಾಯುವುದು ‘ನಿರೀಕ್ಷೆ’, ತಾಳಿಕೊಳ್ಳುವುದು ‘ಸೈರಣೆ’, ಕಷ್ಟದ ನಡುವೆ ದೇವರಿಗೆ ಒರಗಿಕೊಳ್ಳುವುದು ‘ಭರವಸೆ’. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ದುಡಿದು, 1831ರಲ್ಲಿ ಪೂರ್ಣ ಕನ್ನಡ ಬೈಬಲ್ ಹೊರಬಂದ ಮೇಲೆ ಇಂಥ ಮಾತುಗಳು ಪುಸ್ತಕದಿಂದ ಮನೆಪ್ರಾರ್ಥನೆಗೆ ಇಳಿದವು.

ಹೀಬ್ರೂ ಭಾಷೆಯ ‘ಎಮೂನಾ’ ಎಂಬ ಪದವನ್ನು ನಂಬಿಕೆ ಎಂದೂ ನಂಬಿಗಸ್ತಿಕೆ ಎಂದೂ ಅನುವಾದಿಸುತ್ತಾರೆ. ಅದರ ಬೇರಿನ ಅರ್ಥ ಅಲುಗದೆ ನಿಲ್ಲುವುದು; ‘ಆಮೆನ್’ ಹುಟ್ಟಿದ್ದೂ ಅದೇ ಬೇರಿನಿಂದ. ವಿಮೋಚನಕಾಂಡದಲ್ಲಿ ಈ ಪದ ಬರುವ ಸನ್ನಿವೇಶವೊಂದಿದೆ. ಅಮಾಲೇಕ್ಯರೊಡನೆ ಯುದ್ಧ ನಡೆದಿರುವಾಗ ಗುಡ್ಡದ ಮೇಲೆ ಕೈಯೆತ್ತಿ ನಿಂತ ಮೋಶೆಗೆ ತೋಳು ಸೋಲುತ್ತದೆ. ಆರೋನ್ ಮತ್ತು ಹೂರ್ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆಚೀಚೆ ನಿಂತು, ಹೊತ್ತು ಮುಳುಗುವವರೆಗೆ ಅವನ ಕೈಗಳನ್ನು ಎತ್ತಿ ಹಿಡಿಯುತ್ತಾರೆ. ಹಾಗೆ ಇನ್ನೊಬ್ಬರ ಆಸರೆಯಲ್ಲಿ ನಿಂತ ಆ ಕೈಗಳ ಸ್ಥಿರತೆಗೆ ಗ್ರಂಥ ಬಳಸುವ ಪದ ಎಮೂನಾ. ನಂಬಿಕೆ ಒಬ್ಬೊಬ್ಬರ ಎದೆಯೊಳಗಿನ ಏಕಾಂತದ ಸಾಹಸ ಎಂದುಕೊಂಡವರು ಈ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಸೈರಣೆಗೆ ಇರುವ ‘ಹುಪೊಮೊನೆ’ ಎಂಬ ಪದದ ಅಕ್ಷರಾರ್ಥ, ಭಾರದ ಕೆಳಗೆ ನಿಂತೇ ಇರುವುದು. ಭಾರ ಹಗುರವಾಯಿತೆಂದು ಆ ಪದ ಎಲ್ಲಿಯೂ ಸೂಚಿಸುವುದಿಲ್ಲ.

ಯೋಬನ ವಾದ

ಈ ವಿಷಯದ ತಾಯಿಬೇರು ಯೋಬನ ಗ್ರಂಥ. 42 ಅಧ್ಯಾಯಗಳ ಈ ಕೃತಿಯ ತುದಿಮೊದಲು ಗದ್ಯದಲ್ಲಿವೆ, ನಡುವಿನ ದೊಡ್ಡ ಭಾಗ ಕಾವ್ಯ. ಊಚ್ ದೇಶದ ಯೋಬ ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು, 7,000 ಕುರಿ, 3,000 ಒಂಟೆಗಳ ಒಡೆಯ, ನೀತಿವಂತ. ಲಾಭವಿಲ್ಲದೆ ಇವನು ದೇವರಿಗೆ ಭಯಪಡುತ್ತಾನೆಯೇ ಎಂದು ಸೈತಾನ ಪರಲೋಕದ ಸಭೆಯಲ್ಲಿ ಪ್ರಶ್ನೆ ಹಾಕುತ್ತಾನೆ. ‘ಸಂಕಟ ಬಂದಾಗ ವೆಂಕಟರಮಣ’ ಎಂಬ ನಮ್ಮ ಗಾದೆ, ಕಷ್ಟ ಬಂದಾಗ ಮಾತ್ರ ದೇವರನ್ನು ನೆನೆಯುವವರನ್ನು ಕುರಿತದ್ದು. ಸೈತಾನನ ಗುಮಾನಿ ಇದರ ತಿರುವು ಮುರುವು: ಸುಖ ಇರುವಷ್ಟು ದಿನ ಮಾತ್ರ ದೇವರು, ಸಂಕಟ ಬಂದರೆ ಇವನು ಕೈಬಿಡುತ್ತಾನೆ.

ಒಂದೇ ದಿನದಲ್ಲಿ ಆಸ್ತಿ, ಆಳುಕಾಳು, ಮಕ್ಕಳು ಎಲ್ಲ ಹೋಗುತ್ತಾರೆ. ಆಮೇಲೆ ಮೈತುಂಬ ಹುಣ್ಣು. ಮೊದಲೆರಡು ಅಧ್ಯಾಯಗಳ ಯೋಬ ಎಲ್ಲವನ್ನೂ ಸೈರಿಸುತ್ತಾನೆ. ಪ್ರವಚನಗಳಲ್ಲಿ ನಾವು ಹೆಚ್ಚಾಗಿ ಕೇಳುವುದು ಈ ಯೋಬನ ಬಗ್ಗೆಯೇ. ಮೂರನೆಯ ಅಧ್ಯಾಯದಿಂದ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ದೇವರನ್ನು ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ನನ್ನನ್ನು ಯಾಕೆ ಗುರಿಯಾಗಿಟ್ಟುಕೊಂಡೆ ಎನ್ನುತ್ತಾನೆ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಬಂದು ಏಳು ಹಗಲು ಏಳು ಇರುಳು ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತದ್ದು ಅವರ ಇಡೀ ಭೇಟಿಯಲ್ಲಿ ಅತ್ಯುತ್ತಮವಾದ ಕೆಲಸ. ಬಾಯಿ ತೆರೆದ ಕೂಡಲೇ ಕೆಟ್ಟರು. ದೇವರು ನ್ಯಾಯವಂತ, ಆದ್ದರಿಂದ ನೀನು ತಪ್ಪು ಮಾಡಿರಲೇಬೇಕು, ಒಪ್ಪಿಕೋ: ಮೂವರ ವಾದದ ತಿರುಳು ಇಷ್ಟೇ. ದೇವರ ಪರವಾಗಿ ಮಾತಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು.

ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಯೋಬನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ; ಸೈತಾನನ ಪಂಥದ ಸುದ್ದಿಯನ್ನೂ ಹೇಳುವುದಿಲ್ಲ. ಕಡಲಿನ ಬಾಗಿಲು, ನಕ್ಷತ್ರಗಳು, ಕಾಡುಮೇಕೆ ಮರಿಹಾಕುವ ಹೊತ್ತು, ಮನುಷ್ಯರಿಲ್ಲದ ಕಾಡಿನಲ್ಲಿ ಸುರಿವ ಮಳೆ ಇವುಗಳ ಕಡೆಗೆ ಕೈ ತೋರಿಸುತ್ತಾನೆ. ಆಮೇಲೆ ನೀಡುವ ತೀರ್ಪು ಮಾತ್ರ ಸ್ಪಷ್ಟ: ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ಗೆಳೆಯರಲ್ಲ. ಬೈದವನ ಮಾತು ಸರಿ, ಸಮರ್ಥಿಸಿದವರ ಮಾತು ತಪ್ಪು ಎಂಬ ಈ ತೀರ್ಪನ್ನು ಕ್ರೈಸ್ತ ಬೋಧನೆ ಇನ್ನೂ ಪೂರ್ತಿಯಾಗಿ ಜೀರ್ಣಿಸಿಕೊಂಡಿಲ್ಲ. ಕೊನೆಯ ಅಧ್ಯಾಯದಲ್ಲಿ ಯೋಬನ ದನಕುರಿ ಎರಡರಷ್ಟಾಗುತ್ತವೆ. ಮಕ್ಕಳು ಮಾತ್ರ ಮತ್ತೆ ಹತ್ತೇ. ಹೋದ ಹತ್ತು ಮಕ್ಕಳು ಎಣಿಕೆಯಿಂದ ಅಳಿದುಹೋಗಿಲ್ಲ, ಆದ್ದರಿಂದ ಈಗಿನವರೊಂದಿಗೆ ಸೇರಿ ಇಪ್ಪತ್ತಾದರು ಎಂದು ವಿವರಿಸುವ ವ್ಯಾಖ್ಯಾನಕಾರರಿದ್ದಾರೆ. ಮಗುವನ್ನು ಮಣ್ಣುಮಾಡಿದ ತಾಯಿತಂದೆಯರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಮೊರೆಯ ಭಾಷೆ

ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮೊರೆಯ ಜಾತಿಗೆ ಸೇರಿದವು. ಇವುಗಳಿಗೆ ಒಂದು ನಡೆಯಿದೆ: ದೇವರನ್ನು ಹೆಸರಿಟ್ಟು ಕರೆಯುವುದು, ದೂರು ಹೇಳುವುದು, ಹಿಂದೆ ಅವನು ಮಾಡಿದ ಉಪಕಾರ ನೆನೆಯುವುದು, ಬೇಡುವುದು, ಕೊನೆಗೆ ನಂಬಿಕೆಯ ಮಾತು. 13ನೆಯ ಕೀರ್ತನೆ ‘ಎಲ್ಲಿಯವರೆಗೆ’ ಎಂದು ನಾಲ್ಕು ಸಲ ಕೇಳಿ, ಆರೇ ವಚನಗಳಲ್ಲಿ ಹಾಡಿಗೆ ತಿರುಗುತ್ತದೆ. 22ನೆಯದು ಕೈಬಿಟ್ಟದ್ದೇಕೆ ಎಂಬ ಕೂಗಿನಿಂದ ಆರಂಭವಾಗುತ್ತದೆ. ಎಲ್ಲರಿಗೂ ಬಾಯಿಪಾಠವಾಗಿರುವ, ಕುರುಬನ ಚಿತ್ರವಿರುವ 23ನೆಯ ಕೀರ್ತನೆ ಅದರ ಪಕ್ಕದಲ್ಲೇ ಇದೆ. ಇವೆರಡನ್ನೂ ಹೀಗೆ ಜೋಡಿಸಿಟ್ಟವರು ಯಾರೇ ಇರಲಿ, ಬದುಕು ಬಲ್ಲವರು.

88ನೆಯ ಕೀರ್ತನೆ ಈ ನಡೆಯನ್ನು ಮುರಿಯುತ್ತದೆ. ಅದರಲ್ಲಿ ತಿರುವೇ ಇಲ್ಲ. ಹಗಲಿರುಳು ಕೂಗಿದವನ ಗೆಳೆಯರು ದೂರವಾಗಿ, ಕತ್ತಲೆಯೊಂದೇ ಜೊತೆಗೆ ಉಳಿದಲ್ಲಿಗೆ ಹಾಡು ನಿಲ್ಲುತ್ತದೆ. ಇಂಥದ್ದನ್ನು ಪವಿತ್ರ ಗ್ರಂಥದಿಂದ ತೆಗೆದುಹಾಕಬಹುದಿತ್ತು, ಕೊನೆಗೊಂದು ಸಮಾಧಾನದ ಸಾಲು ಸೇರಿಸಬಹುದಿತ್ತು. ಯಾರೂ ಹಾಗೆ ಮಾಡಲಿಲ್ಲ.

ಕ್ರಿ.ಪೂ. ಆರನೆಯ ಶತಮಾನದಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥದಲ್ಲಿ ಐದು ಅಧ್ಯಾಯಗಳಿವೆ. ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಸಾಗುತ್ತವೆ. ದುಃಖವನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಪೂರ್ತಿ ಹೇಳಿಬಿಡಬೇಕೆಂಬಂತೆ. ದೇವರ ಕರುಣೆ ಬೆಳಗು ಬೆಳಗಿಗೂ ಹೊಸದಾಗುತ್ತದೆಂಬ, ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಆಶಯ ಇರುವುದು ನಟ್ಟನಡುವಿನ ಮೂರನೆಯ ಅಧ್ಯಾಯದಲ್ಲಿ. ಅದರ ಸುತ್ತ ಹಸಿದ ಮಕ್ಕಳು, ಬೂದಿಯಾದ ಬೀದಿಗಳು. ಗ್ರಂಥ ಮುಗಿಯುವುದು ದೇವರು ನಮ್ಮನ್ನು ತೀರಾ ತಳ್ಳಿಬಿಟ್ಟನೇ ಎಂಬ ಅಳಲಿನೊಂದಿಗೆ.

ಇವೆಲ್ಲವೂ ಭರವಸೆಯ ಪಠ್ಯಗಳೇ, ಏಕೆಂದರೆ ಕೇಳುವವನು ಇದ್ದಾನೆಂದು ನಂಬದವನು ಮೊರೆಯಿಡುವುದಿಲ್ಲ. ಅಮ್ಮನ ಸೆರಗು ಹಿಡಿದೇ ಅವಳ ಮೇಲೆ ಮುನಿಯುವ ಮಗುವಿನ ಹಾಗೆ ಈ ಹಾಡುಗಳು ಯಾರ ಮೇಲೆ ದೂರಿಡುತ್ತವೋ ಅವನ ಕೈಯನ್ನು ಬಿಡುವುದಿಲ್ಲ.

ಶಿಲುಬೆ ಮತ್ತು ಪೌಲ

ಯೇಸು ಗೆತ್ಸೆಮನೆ ತೋಟದಲ್ಲಿ ಈ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿ, ತನ್ನ ಇಷ್ಟಕ್ಕಿಂತ ತಂದೆಯ ಇಷ್ಟವನ್ನು ಮೇಲಿಟ್ಟ. ‘ದೇವರ ಚಿತ್ತ’ ಎಂಬ ಮಾತನ್ನು ಸಾವಿನ ಮನೆಯಲ್ಲಿ ಬೇಗ ಆಡಿಬಿಡುವವರು, ಆ ಮಾತಿಗೆ ಮೊದಲು ಅಲ್ಲೊಂದು ಬೇಡಿಕೆಯೂ ಬೆವರೂ ಇತ್ತೆಂಬುದನ್ನು ಮರೆಯುತ್ತಾರೆ. ಶಿಲುಬೆಯ ಮೇಲೆ ಅವನ ಬಾಯಿಂದ ಬಂದದ್ದು 22ನೆಯ ಕೀರ್ತನೆಯ ಮೊದಲ ಮಾತು ಎಂದು ಮತ್ತಾಯ, ಮಾರ್ಕ ಇಬ್ಬರೂ ದಾಖಲಿಸಿದ್ದಾರೆ. ಹೀಗಾಗಿ ಕ್ರೈಸ್ತರ ಪಾಲಿಗೆ ಮೊರೆಯಿಡುವುದು ಅವಿಶ್ವಾಸದ ಗುರುತಾಗಲು ಸಾಧ್ಯವಿಲ್ಲ. ಅವರು ದೇವರ ಮಗನೆಂದು ಒಪ್ಪಿಕೊಂಡವನೇ ಮೊರೆಯಿಟ್ಟಿದ್ದಾನೆ.

ಅಪೊಸ್ತಲ ಪೌಲ ಹೊಡೆತ, ಹಡಗೊಡೆತ, ಸೆರೆ, ಹಸಿವುಗಳನ್ನು ಪಟ್ಟಿ ಮಾಡಿ ಕೊರಿಂಥದವರಿಗೆ ಬರೆದ. ಆಸ್ಯ ಸೀಮೆಯಲ್ಲಿ ಬದುಕುವ ಆಸೆಯೇ ಹೋಗಿತ್ತೆಂದು ಅದೇ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಶರೀರದಲ್ಲಿ ನಾಟಿದ ಮುಳ್ಳೆಂದು ಅವನು ಕರೆದ ಬಾಧೆ ಏನೆಂಬುದು ಇಂದಿಗೂ ಚರ್ಚೆಯ ವಿಷಯ. ಅದನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ, ಅದು ಹೋಗಲಿಲ್ಲ, ಅದನ್ನು ಹೊತ್ತು ನಡೆಯುವಷ್ಟು ಕೃಪೆ ಸಿಕ್ಕಿತು. ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ನಂಬಿಕೆಯ ವೀರರ ದೊಡ್ಡ ಸಾಲೇ ಇದೆ. ನಂಬಿಕೆಯಿಂದ ಕತ್ತಿಯ ಬಾಯಿ ತಪ್ಪಿಸಿಕೊಂಡವರು ಅಲ್ಲಿದ್ದಾರೆ. ಮೂರೇ ವಚನಗಳ ಆಚೆ, ಅದೇ ಸಾಲಿನಲ್ಲಿ, ಕತ್ತಿಯಿಂದ ಸತ್ತವರೂ ಇದ್ದಾರೆ. ಉಳಿದವರ ನಂಬಿಕೆ ದೊಡ್ಡದು, ಸತ್ತವರದು ಚಿಕ್ಕದು ಎಂಬ ಸೂಚನೆ ಇಡೀ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಪಿಡುಗು, ಸೆರೆ, ಕತ್ತಲೆ

ಮೂರನೆಯ ಶತಮಾನದ ನಡುವಿನಲ್ಲಿ ರೋಮನ್ ಸಾಮ್ರಾಜ್ಯಕ್ಕೆ ಮಹಾಪಿಡುಗು ಬಂದಾಗ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಸಾವಿನ ಕುರಿತು ಒಂದು ಕಿರುಗ್ರಂಥ ಬರೆದ. ಕ್ರೈಸ್ತರೂ ಇತರರಂತೆಯೇ ಸಾಯುತ್ತಿದ್ದಾರಲ್ಲ ಎಂದು ಕಂಗೆಟ್ಟವರಿಗೆ ಅವನು ಹೇಳಿದ್ದು, ಮೈ ಎಲ್ಲರಿಗೂ ಒಂದೇ ಎಂದು. 410ರಲ್ಲಿ ರೋಮ್ ನಗರ ಲೂಟಿಯಾದ ಬಳಿಕ ಅಗಸ್ಟೀನ್ ‘ದೇವನಗರ’ ಎಂಬ ಬೃಹತ್ ಕೃತಿಗೆ ಕೈಹಾಕಿ, ಒಂದೇ ಬೆಂಕಿಯಲ್ಲಿ ಚಿನ್ನ ಹೊಳೆಯುತ್ತದೆ, ಹೊಟ್ಟು ಹೊಗೆಯಾಡುತ್ತದೆ ಎಂಬ ದೃಷ್ಟಿಯಿಂದ ಕಷ್ಟವನ್ನು ನೋಡಿದ. ಇಂಗ್ಲೆಂಡಿನ ನಾರ್ವಿಚ್ಚಿನ ಜೂಲಿಯನ್ ಕಪ್ಪುಪ್ಲೇಗಿನ ಕಾಲದಲ್ಲಿ ಬೆಳೆದವಳು. 1373ರಲ್ಲಿ, ಮೂವತ್ತರ ಹರೆಯದಲ್ಲಿ, ಸಾವಿನಂಚಿನ ಕಾಯಿಲೆಯಲ್ಲಿ ಹದಿನಾರು ದರ್ಶನಗಳನ್ನು ಕಂಡಳು. ಕೊನೆಗೆ ಎಲ್ಲವೂ ಒಳಿತಾಗುವುದೆಂಬ ಅವಳ ನಿಲುವು ಜನಪ್ರಿಯವಾಗಿದೆ. ಹಾಗಾದರೆ ಪಾಪವನ್ನು ಮೊದಲೇ ಯಾಕೆ ತಡೆಯಲಿಲ್ಲ ಎಂದು ಅವಳು ಬಹಳ ಕಾಲ ಕೊರಗಿದ್ದು ಅಷ್ಟು ಜನಪ್ರಿಯವಾಗಿಲ್ಲ.

1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂತು. ಊರು ಬಿಡಬೇಕೆಂಬ ಸೂಚನೆ ಇದ್ದರೂ ಮಾರ್ಟಿನ್ ಲೂಥರ್ ಅಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡ. ಪ್ಲೇಗಿಗೆ ಹೆದರಿ ಓಡಬಹುದೇ ಎಂದು ಕೇಳಿದ ಪಾದ್ರಿಗಳಿಗೆ ಅವನು ಬರೆದ ಉತ್ತರದಲ್ಲಿ ಎರಡು ಕಡೆಗೂ ಎಚ್ಚರಿಕೆಯಿದೆ. ಹೊಣೆ ಹೊತ್ತವರು ನೆರೆಯವರನ್ನು ಬಿಟ್ಟು ಓಡಬಾರದು. ಹಾಗೆಂದು ಔಷಧಿ ಬೇಡ, ಹೊಗೆ ಹಾಕುವುದು ಬೇಡ, ದೇವರೇ ಕಾಯುತ್ತಾನೆ ಎನ್ನುವುದು ಭರವಸೆಯಲ್ಲ, ದೇವರನ್ನು ಪರೀಕ್ಷಿಸುವ ಅಪರಾಧ. 2020ರ ಕೊರೊನಾ ದಿನಗಳಲ್ಲಿ ಜಗತ್ತಿನ ಅನೇಕ ಸಭೆಗಳು ಈ ಪತ್ರವನ್ನು ಹುಡುಕಿ ಓದಿದವು. ಇದೇ ಲೂಥರ್ 1542ರಲ್ಲಿ ಹದಿಮೂರರ ಮಗಳು ಮ್ಯಾಗ್ಡಲೇನಳನ್ನು ಕಳೆದುಕೊಂಡು ಕುಸಿದುಹೋದ.

ಕಾರ್ಮೆಲ್ ಸಭೆಯ ಶಿಲುಬೆಯ ಯೊವಾನ್ನನನ್ನು 1577ರ ಕೊನೆಗೆ ಅವನ ಸಭೆಯವರೇ ಹಿಡಿದು ಟೊಲೆಡೊ ನಗರದ ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದರು. ಆ ಕತ್ತಲಲ್ಲೇ ಅವನ ಶ್ರೇಷ್ಠ ಕವಿತೆಗಳು ಮೊಳೆತವು. ದೇವರು ದೂರವಾದಂತೆ ತೋರುವ ‘ಆತ್ಮದ ಕತ್ತಲ ರಾತ್ರಿ’ ಎಂಬ ಅವನ ಕಲ್ಪನೆ ಕ್ರೈಸ್ತ ಅನುಭಾವಕ್ಕೆ ಒಂದು ಶಬ್ದಕೋಶವನ್ನೇ ಕೊಟ್ಟಿತು. ನಾಲ್ಕು ಶತಮಾನಗಳ ಬಳಿಕ, 2007ರಲ್ಲಿ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು ಪ್ರಕಟವಾಗಿ, ದಶಕಗಟ್ಟಲೆ ಅವರು ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ದುಡಿದರೆಂದು ತಿಳಿದಾಗ ಓದುಗರಿಗೆ ಆ ಶಬ್ದಕೋಶ ಒದಗಿ ಬಂತು. ಅನುಭವ ಬತ್ತಿದ ಮೇಲೂ ದಿನಾ ಬೆಳಗ್ಗೆ ಎದ್ದು ರೋಗಿಯ ಮೈ ತೊಳೆಯಲು ಹೋಗುವುದಕ್ಕೆ ನಂಬಿಕೆಯೆಂದಲ್ಲದೆ ಬೇರೆ ಯಾವ ಹೆಸರಿಡಬೇಕು?

ಇಪ್ಪತ್ತನೆಯ ಶತಮಾನ

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನ ಇಗರ್ಜಿಗಳಲ್ಲಿ ತುಂಬಿದ್ದಾಗ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿದದ್ದು ಯುರೋಪಿನ ನಿಶ್ಚಿಂತೆಯನ್ನು ಅಲುಗಿಸಿತ್ತು. ಎರಡು ಮಹಾಯುದ್ಧಗಳು ಅದನ್ನು ಮುಗಿಸಿದವು. ಹಿಟ್ಲರನ ವಿರುದ್ಧ ನಿಂತ ಲೂಥರನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1943ರ ಏಪ್ರಿಲ್ 5ರಂದು ಬಂಧಿತನಾಗಿ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೇರಿದ. ಸೆರೆಯಿಂದ ಬರೆದ ಪತ್ರಗಳಲ್ಲಿ ಅವನು, ನಮ್ಮ ತೊಡಕುಗಳನ್ನು ಬಿಡಿಸಲು ಮೇಲಿಂದ ಇಳಿದುಬರುವ ದೇವರ ಕಲ್ಪನೆಯನ್ನು ಬಿಟ್ಟು, ಲೋಕದಲ್ಲಿ ಬಲಹೀನನಾಗಿ ನೋಯುವ ದೇವರ ಕಡೆಗೆ ತಿರುಗಿದ. ಯುರ್ಗೆನ್ ಮೋಲ್ಟ್‌ಮನ್ 1943ರಲ್ಲಿ ಹ್ಯಾಂಬರ್ಗಿನ ಮೇಲೆ ಬಾಂಬುಗಳ ಮಳೆ ಸುರಿದಾಗ ಪಕ್ಕದಲ್ಲಿದ್ದ ಗೆಳೆಯ ಸತ್ತು ತಾನು ಉಳಿದ ಹುಡುಗ. ಮುಂದೆ ಯುದ್ಧಕೈದಿಯಾಗಿದ್ದಾಗ ಕೈಗೆ ಬಂದ ಬೈಬಲಿನಲ್ಲಿ ಮೊರೆಯ ಕೀರ್ತನೆಗಳನ್ನೂ ಮಾರ್ಕನ ಸುವಾರ್ತೆಯ ಶಿಲುಬೆಯ ಕೂಗನ್ನೂ ಓದಿ ನಂಬಿಕೆಗೆ ಬಂದ. 1972ರಲ್ಲಿ ಬಂದ ಅವನ ‘ಶಿಲುಬೆಗೇರಿದ ದೇವರು’ ಎಂಬ ಕೃತಿಯ ಬೇರು ಆ ಓದಿನಲ್ಲಿದೆ.

ಸಿ. ಎಸ್. ಲೂಯಿಸನ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಬೇಕು. 1940ರಲ್ಲಿ ಬರೆದದ್ದು ನೋವಿನ ಸಮಸ್ಯೆಯನ್ನು ತರ್ಕದಿಂದ ಬಿಡಿಸುವ ಅಚ್ಚುಕಟ್ಟಾದ ಗ್ರಂಥ. ಹೆಂಡತಿ ಜಾಯ್ 1960ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, 1961ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ದುಃಖದ ಟಿಪ್ಪಣಿಗಳಲ್ಲಿ ಆ ಅಚ್ಚುಕಟ್ಟು ಚೂರಾಗಿದೆ; ದೇವರ ಬಾಗಿಲು ತನ್ನ ಮುಖಕ್ಕೆ ಮುಚ್ಚಿದಂತಿದೆ ಎಂದು ಬರೆಯಲು ಅವನು ಹೆದರಲಿಲ್ಲ. ದುಃಖದಲ್ಲಿರುವವರ ಕೈಗೆ ಕೊಡಬೇಕಾದದ್ದು ಎರಡನೆಯದನ್ನು.

ಕರ್ನಾಟಕದ ನೆಲದಲ್ಲಿ

ಕೆನರಾದ ಕಥೋಲಿಕರ ಸಾಮೂಹಿಕ ನೆನಪಿನ ನಡುವೆ ಇರುವುದು ಶ್ರೀರಂಗಪಟ್ಟಣದ ಸೆರೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪುವಿನ ಆಡಳಿತ ಅವರನ್ನು ಹಿಡಿದು ಘಟ್ಟ ಹತ್ತಿಸಿತು. ಅದು ವಿಭೂತಿ ಬುಧವಾರದ ಹೊತ್ತಿನಲ್ಲಿ ಆಯಿತೆಂದು ಸಮುದಾಯ ನೆನೆಯುತ್ತದೆ. ಸೆರೆಯಾದವರು 30,000 ಎನ್ನುವ ಅಂದಾಜಿನಿಂದ 80,000 ಎನ್ನುವ ಅಂದಾಜಿನವರೆಗೆ ಲೆಕ್ಕಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಇಗರ್ಜಿಗಳು ಉರುಳಿದ್ದವು, ಗುರುಗಳನ್ನು ಮೊದಲೇ ಹೊರಗಟ್ಟಲಾಗಿತ್ತು; ಪೂಜೆ, ಸಂಸ್ಕಾರಗಳ ಆಸರೆ ಇರಲಿಲ್ಲ. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನ ಇಗರ್ಜಿ ಆ ಆಶ್ರಯದ ಫಲ. 1799ರಲ್ಲಿ ಬಿಡುಗಡೆಯಾದವರು ಊರಿಗೆ ಮರಳಿ, ಬಿದ್ದ ಗೋಡೆಗಳನ್ನು ಎಬ್ಬಿಸಿದರು. ಕೊಂಕಣಿಯಲ್ಲಿ ‘ಬಂದ್ಪಾಸ್’ ಎಂದು ಕರೆಯುವ ಈ ಹದಿನೈದು ವರ್ಷಗಳನ್ನು ರಾಜಕೀಯ ವಾಗ್ವಾದದ ಸರಕಾಗಿ ಎರಡೂ ಕಡೆಯವರು ಎಳೆದಾಡಿದ್ದಾರೆ. ಗುರುಗಳಿಲ್ಲದೆ ಮನೆಯ ಹಿರಿಯರ ಬಾಯಲ್ಲೇ ಪ್ರಾರ್ಥನೆ ಉಳಿದು ಬಂದ ಬಗೆ ಅದಕ್ಕಿಂತ ಹೆಚ್ಚಿನ ಗಮನಕ್ಕೆ ಯೋಗ್ಯವಾದದ್ದು.

1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಕಾರ್ಮೆಲ್ ಕನ್ಯಾಮಠವನ್ನು ಕಟ್ಟಲು ಹೊರಟ ಸನ್ಯಾಸಿನಿಯರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಉಳಿದವರಲ್ಲಿ ಗಲಿಲಾಯದ ಇಬಿಲ್ಲಿನ್ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಒಬ್ಬಳು. ಅವಳಿಗಿಂತ ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳನ್ನು ಕಳೆದುಕೊಂಡ ತಂದೆತಾಯಿ ಬೆತ್ಲೆಹೇಮಿಗೆ ಹೋಗಿ ಬೇಡಿ ಪಡೆದ ಮಗಳು. ಅವಳಿಗೆ ಮೂರು ತುಂಬುವ ಮೊದಲೇ ಅವರಿಬ್ಬರೂ ತೀರಿದರು. ಅಕ್ಷರ ಬಾರದ ಈಕೆ 1871ರಲ್ಲಿ ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದಳು. ಅವಳ ಅನುಭಾವದ ಬಗ್ಗೆ ಸಂಶಯಗಳೆದ್ದು 1872ರಲ್ಲಿ ಫ್ರಾನ್ಸಿಗೆ ಮರಳಬೇಕಾಯಿತು. ಆಮೇಲೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸಿ 1878ರಲ್ಲಿ ತೀರಿಕೊಂಡಳು. 2015ರಲ್ಲಿ ಅವಳನ್ನು ಸಂತಳೆಂದು ಸಾರಲಾಯಿತು.

ಕಾರ್ಕಳ ತಾಲ್ಲೂಕಿನ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊತ್ತು ಕುಟುಂಬ ತೀರ್ಥಯಾತ್ರೆಗೆ ಹೊರಟಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿಗೆ ಬಲಿಯಾದರು. ಮುಂದೆ ಅಣ್ಣ ಹೋದ; ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾಕ್ಕೆ ತುತ್ತಾದ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದ ರಮಾಬಾಯಿಯ ನಂಬಿಕೆ ಸದ್ದಿಲ್ಲದೆ ತಲೆಬಾಗುವ ಜಾತಿಯದಾಗಿರಲಿಲ್ಲ. ತನಗೆ ದೀಕ್ಷೆ ಕೊಟ್ಟ ಸಭೆಯ ಹಿರಿಯರೊಡನೆ ಸಿದ್ಧಾಂತಗಳ ಬಗ್ಗೆ ಪತ್ರಗಳಲ್ಲಿ ನೇರವಾಗಿ ಜಗಳವಾಡಿದಳು. 1897ರ ಪುಣೆಯ ಪ್ಲೇಗಿನಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯನ್ನು ಪತ್ರಿಕೆಯಲ್ಲಿ ಬಯಲಿಗೆಳೆದು ಬ್ರಿಟಿಷ್ ಆಡಳಿತವನ್ನು ಕೆಣಕಿದಳು. ಬರದಿಂದ ಅನಾಥರಾದ ಹುಡುಗಿಯರನ್ನು ಗುಂಪುಗುಂಪಾಗಿ ಕರೆತಂದು ಕೇಡಗಾಂವಿನ ಮುಕ್ತಿ ಸದನದಲ್ಲಿ ಸಾಕಿದಳು; ಅಲ್ಲಿನ ನಿವಾಸಿಗಳ ಸಂಖ್ಯೆ ಸಾವಿರವನ್ನು ಮೀರಿತು. ಹಸಿವೆಯಲ್ಲಿ ತನ್ನವರನ್ನು ಕಳೆದುಕೊಂಡವಳು ಹಸಿದವರಿಗೆ ಅನ್ನವಾದಳು ಎಂದರೆ ಸಾಕು. ಆ ಕೆಲಸದ ಒಂದು ಕೊಂಬೆ ಕಲಬುರಗಿಯಲ್ಲಿ ಶಾಲೆಯಾಗಿ ಚಿಗುರಿತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸಾಮಾನ್ಯರ ಮರಾಠಿಗೆ ತರುತ್ತಿದ್ದಾಗ, 1921ರಲ್ಲಿ, ಒಬ್ಬಳೇ ಮಗಳು ಮನೋರಮಾ ಸತ್ತಳು. ರಮಾಬಾಯಿ ಆ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ತೀರಿಕೊಂಡಳು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರದ ಚರ್ಚೆ ಹೊಸ ಹಾದಿ ಹಿಡಿಯಿತು. ಅವರ ವಾದದಲ್ಲಿ ಯೇಸು ದಲಿತರ ನೋವನ್ನು ದೂರದಿಂದ ನೋಡಿ ಮರುಗುವವನಲ್ಲ, ಆ ನೋವನ್ನು ಸ್ವತಃ ಉಂಡವನು. ತಲೆಮಾರುಗಳಿಂದ ಇದು ನಿನ್ನ ಪಾಲಿಗೆ ಬಂದದ್ದು, ಸಹಿಸು ಎಂಬ ಮಾತನ್ನೇ ಕೇಳಿದ ಜನಕ್ಕೆ ಮತ್ತೆ ಸೈರಣೆಯ ಉಪದೇಶ ಮಾಡುವುದು ಕ್ರೂರವಾಗುತ್ತದೆಂಬ ಅರಿವು ಈ ಚಿಂತನೆಯ ಹಿಂದಿದೆ.

ತಪ್ಪು ಬಳಕೆ

ಭರವಸೆಯ ಬೋಧನೆ ಎರಡು ರೀತಿಯಲ್ಲಿ ಕೆಡುತ್ತದೆ. ನಂಬಿದವರಿಗೆ ಆರೋಗ್ಯ, ಐಶ್ವರ್ಯ ಖಚಿತವೆನ್ನುವ ಸಮೃದ್ಧಿಯ ಬೋಧನೆ ಒಂದು. ಗುಣವಾಗದಿದ್ದರೆ ನಿನ್ನ ನಂಬಿಕೆ ಸಾಲದೆಂದು ಅದು ರೋಗಿಯ ಮೇಲೆಯೇ ತಪ್ಪು ಹೊರಿಸುತ್ತದೆ. ಅದು ಎಲೀಫಜ, ಬಿಲ್ದದ, ಚೋಫರರ ಹಳೆಯ ವಾದವೇ. ಇನ್ನೊಂದು, ತಡೆಯಬಹುದಾದ ಅನ್ಯಾಯವನ್ನು ‘ಹೊರಬೇಕಾದ ಶಿಲುಬೆ’ ಎನ್ನುವುದು. ಗಂಡನ ಏಟು ತಿನ್ನುವ ಹೆಂಗಸಿಗೆ, ಕೂಲಿ ಸಿಗದ ಆಳಿಗೆ ಶಿಲುಬೆಯ ಹೆಸರಲ್ಲಿ ತಾಳ್ಮೆ ಬೋಧಿಸುವ ಪಾದ್ರಿ ಶಿಲುಬೆಯ ಅರ್ಥವನ್ನೇ ತಿರುಚುತ್ತಾನೆ. ಯೇಸು ತನ್ನ ಶಿಲುಬೆಯನ್ನು ತಾನಾಗಿ ಎತ್ತಿಕೊಂಡ. ಅದನ್ನು ಇನ್ನೊಬ್ಬರ ಹೆಗಲಿಗೆ ಹೊರಿಸಿ ಇದು ನಿನ್ನ ಪಾಲಿನದೆಂದು ಹೇಳುವ ಅಧಿಕಾರವನ್ನು ಅವನು ಯಾರಿಗೂ ಕೊಟ್ಟಿಲ್ಲ.

ಆಚರಣೆ

ಸಾಮಾನ್ಯ ಕ್ರೈಸ್ತರ ಭರವಸೆ ಗ್ರಂಥಗಳಿಗಿಂತ ಹೆಚ್ಚಾಗಿ ಆಚರಣೆಗಳಲ್ಲಿ ಬದುಕಿದೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಹದಿನಾಲ್ಕು ಸ್ಥಳಗಳ ಶಿಲುಬೆಯ ಹಾದಿ, ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಗುಡಿಯಲ್ಲಿ ಗುರುವಾರದ ನೊವೇನ, ಹರಿಹರದ ಆರೋಗ್ಯಮಾತೆಯ ಬಳಿ ಹರಕೆ ಹೊತ್ತು ಬರುವ ಎಲ್ಲ ಮತಗಳ ಜನ, ಪ್ರಾಟೆಸ್ಟೆಂಟರ ಉಪವಾಸ ಪ್ರಾರ್ಥನೆ, ಕೂಟಗಳಲ್ಲಿ ಎದ್ದುನಿಂತು ಹೇಳುವ ಸಾಕ್ಷಿ ಎಲ್ಲವೂ ಇದರ ರೂಪಗಳು. ಸಾಕ್ಷಿ ಹೇಳುವವರಲ್ಲಿ ಗುಣವಾದವರು, ಕೆಲಸ ಸಿಕ್ಕವರು, ಸಾಲ ತೀರಿದವರೇ ಹೆಚ್ಚು. ಕಾಯಿಲೆ ಹೋಗದೆಯೂ ಪ್ರಾರ್ಥನೆ ಬಿಡದವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಇಬ್ರಿಯರಿಗೆ ಬರೆದ ಪತ್ರದ ಸಾಲಿನಲ್ಲಿ ಅವರಿಗೂ ಜಾಗವಿತ್ತು. ಕೂಟದ ಮೈಕಿನ ಮುಂದೆಯೂ ಇರಬೇಕು.

ರೋಮನ್ ಕಥೋಲಿಕ ಸಭೆಯ ನಿತ್ಯಪ್ರಾರ್ಥನೆಯ ಕ್ರಮದಲ್ಲಿ, ವಾರದ ಪ್ರತಿ ಶುಕ್ರವಾರ ಮಲಗುವ ಮುನ್ನ ಹೇಳಲು ಗೊತ್ತುಪಡಿಸಿದ ಕೀರ್ತನೆ 88ನೆಯದು. ಮಠಗಳಲ್ಲಿ, ಗುರುಮನೆಗಳಲ್ಲಿ, ಕನ್ಯಾಮಠಗಳಲ್ಲಿ ಅಂದು ರಾತ್ರಿ ತಿರುವಿಲ್ಲದ ಆ ಹಾಡನ್ನು ಕತ್ತಲೆಯೆಂಬ ಕೊನೆಯ ಪದದವರೆಗೆ ಓದುತ್ತಾರೆ. ಬಳಿಕ ದೇವಾಲಯದಲ್ಲಿ ಕೂಸನ್ನು ಎತ್ತಿಕೊಂಡು ಸಮಾಧಾನದಿಂದ ಹೋಗಲು ಅಪ್ಪಣೆ ಬೇಡಿದ ಮುದುಕ ಸಿಮೆಯೋನನ ಸ್ತೋತ್ರ, ಒಂದು ಚಿಕ್ಕ ಪ್ರಾರ್ಥನೆ. ಆಮೇಲೆ ದೀಪ ಆರಿಸಿ ಮಲಗುತ್ತಾರೆ.